ಉಮ್ಮತ್ತೂರಿನ ಸಾಲಿನಲ್ಲಿ ಜಾರಿದ ಗೆರೆ

ಮಂಡಿಯವರು ಬೇಡವೆಂದು ಕೊಟ್ಟಿದ್ದ ಹಳೆಯ ಕೀಬೋರ್ಡನ್ನು ಇವತ್ತು ತಲೆಕೆಳಗು ಮಾಡಿ ತಟ್ಟಿದೆ. ಸಂದಿಯಿಂದ ಈರುಳ್ಳಿಯ ಒಣ ಸಿಪ್ಪೆಯೊಂದು ಮೇಜಿನ ಮೇಲೆ ಬಿತ್ತು. ಗುಂಡ್ಲುಪೇಟೆಯ ಆ ಮಂಡಿ, ಅಲ್ಲಿ ಮೈಕು ಹಿಡಿದು ಕೂರುತ್ತಿದ್ದ ಅಕ್ಕ ನೆನಪಾದರು...

ಸರಕು ಇಳಿಸಲು ಯಾವ ಊರಿನ ಲಾರಿಯ ಸರದಿ ಎಂದು ಕೂಗುವುದು ಅವರ ಕೆಲಸ. ಸರದಿ ನೋಡಲು ಎದುರಿಗೊಂದು ಕಂಪ್ಯೂಟರ್ ಇತ್ತು. ಧೂಳು, ಸಿಪ್ಪೆ ನುಗ್ಗಿ ಮೌಸ್ ಬಾಳುತ್ತಿರಲಿಲ್ಲ. ಅದಕ್ಕೇ ನಾನು ಬಾಣದ ಕೀಲಿಗಳಲ್ಲಿ ನಡೆಯುವ ಟರ್ಮಿನಲ್ ಪರದೆ ಮಾಡಿಕೊಟ್ಟೆ: ಕಪ್ಪು ಹಿನ್ನೆಲೆ, ಬರೀ ಅಕ್ಷರ, ಪ್ರತಿ ಊರಿನ ಹೆಸರಿನ ಸುತ್ತ ಗೆರೆಯ ಚೌಕ. ಬರೆದದ್ದು ಪೈತಾನಿನಲ್ಲಿ. ಪರದೆ ಬಿಡಿಸಲು ಬಳಸಿದ, ಬೇರೆಯವರು ಬರೆದಿಟ್ಟ ಲೈಬ್ರರಿ ಮಾತ್ರ ರಸ್ಟ್ ಭಾಷೆಯದು; ಪೈತಾನಿನಿಂದ ಬಳಸಲಾಗುವಂತೆ ಇನ್ಯಾರೋ ಅದಕ್ಕೆ ಹೊದಿಕೆ ಹಾಕಿದ್ದರು.

ಅಕ್ಕ ಓದುತ್ತಿದ್ದದ್ದು ಕನ್ನಡ. ಒತ್ತಕ್ಷರ ಎಷ್ಟು ಅಗಲ ಹಿಡಿಯುತ್ತದೆಂಬುದು ಲೈಬ್ರರಿಗೆ ತಿಳಿಯದು. 'ಉಮ್ಮತ್ತೂರು' ಬಂದರೆ ಸಾಕು, ಚೌಕದ ಗೆರೆ ಮುಂದಿನ ಸಾಲಿಗೆ ಜಾರಿ, ಕೆಳಗಿನ ಹೆಸರುಗಳೆಲ್ಲ ಒಂದು ಸಾಲು ಇಳಿಯುತ್ತಿದ್ದವು. ಸರದಿ ತೋರುವ ಹಳದಿ ಪಟ್ಟಿ ಇದ್ದಲ್ಲೇ ಇರುತ್ತಿತ್ತು. ಹರದನಹಳ್ಳಿಯ ಸರದಿಯಲ್ಲಿ ಅಕ್ಕ ಬೇರೆ ಲಾರಿಯನ್ನು ಕೂಗಿದರು.

"ಲಾರಿಯವ್ರು ಬಾಯಿಗ್ ಬಂದಂಗೆ ಬಯ್ದ್ರು ಕಣಪ್ಪ" ಎಂದರು.

"ತಪ್ಪು ನನ್ನದೂ ಅಲ್ಲ, ನಿಮ್ಮದೂ ಅಲ್ಲ ಅಕ್ಕ. ಒಳಗಿನ ಲೈಬ್ರರಿದು."

"ಒಳಗೆ ಯಾರಾರ ಇರ್ಲಿ, ಮೈಕಲ್ಲಿ ಕೇಳದು ನನ್ ಗಂಟ್ಲು ತಾನೆ? ಇನ್ನೊಂದ್ಸಲ ಇಂಗಾದ್ರೆ ಸಾವ್ಕಾರ್ರು ಮನೆಗ್ ಕಳಿಸ್ಬುಡ್ತಾರೆ."

ಹೊದಿಕೆ ಹಾಕಿದವರಿಗೆ ಬರೆದೆ. ಒಳಗಿನದು ತಮ್ಮ ಕೈಯಲ್ಲಿಲ್ಲ ಎಂದರು. ಒಳಗಿನ ಲೈಬ್ರರಿ ಬರೆದವರು ನೋಡೋಣ ಎಂದರು. ಇಬ್ಬರೊಂದಿಗೂ ವಾದಿಸಿದೆ. ಕೊನೆಗೆ ಚೌಕಗಳನ್ನೇ ಕಿತ್ತುಹಾಕಿ, ಆ ಪ್ರೋಗ್ರಾಂ ಹಿಡಿದು ಚಾಮರಾಜನಗರದಿಂದ ಬಂದು ಬಸ್ಸಿಳಿಯುವಷ್ಟರಲ್ಲಿ ಮಂಡಿಯಲ್ಲಿ ಮತ್ತೆ ತಪ್ಪು ಲಾರಿ ಕೂಗಿದ್ದಕ್ಕೆ ಇನ್ನೊಂದು ಜಗಳ ಮುಗಿದಿತ್ತು.

ತಪ್ಪು ಅಕ್ಕನದಲ್ಲವೆಂದು ಸಾಹುಕಾರರಿಗೆ ಒಂದೊಂದಾಗಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನೀ ಯೋಳದು ಸರಿ ಕಣ್ಲಾ. ಆದ್ರೆ ಜಗಳ ಆಗದು ನಮ್ಮಂಗ್ಡಿ ಮುಂದೆ."

ಮೈಕು ಆಗಲೇ ಇನ್ನೊಬ್ಬರ ಕೈಯಲ್ಲಿತ್ತು. ಅಕ್ಕ ಊಟದ ಬುತ್ತಿ ಹಿಡಿದು ಹೊರಟಿದ್ದರು.

"ಗೆದ್ಯೇನಪ್ಪ ವಾದವ?" ಎಂದು ನಕ್ಕರು. ಗೆದ್ದೆ ಎಂದೆ. ನಿಜವೇ ಆಗಿತ್ತಲ್ಲ...

ಇವತ್ತು ಆ ಲೈಬ್ರರಿಯ ಹೊಸ ಆವೃತ್ತಿ ಬಂದಿದೆ. ಕೀಬೋರ್ಡ್ ಒರೆಸಿ, ಹಳೆಯ ಚೌಕಗಳನ್ನು ಮತ್ತೆ ಹಾಕಿ, ಉಮ್ಮತ್ತೂರು ಎಂದು ಒತ್ತಿದೆ. ಗೆರೆ ನೆಟ್ಟಗೆ ನಿಂತಿತು. ತಪ್ಪು ಒಳಗಿನದೇ ಎಂದು ಈಗ ಸಾಬೀತೂ ಆಯಿತು. ಅಕ್ಕ ಹೋದ ವರ್ಷ ತೀರಿಕೊಂಡರಂತೆ. ಹಳದಿ ಪಟ್ಟಿ ಸರಿಯಾದ ಹೆಸರಿನ ಮೇಲಿದೆ, ಕೂಗುವವರಿಲ್ಲ.