ಕಂಡಕ್ಟರ್ ಮಗಳ ಬಾಟನಿ

ನಮ್ಮಪ್ಪ ಬಸ್ ಕಂಡಕ್ಟರ್. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಅಂತ ದಿನವಿಡೀ ತಿರುಗಿ, "ಲಗೂ ಹತ್ರಿ, ಲಗೂ ಇಳೀರಿ" ಅಂದೂ ಅಂದೂ ಅವನಿಗೆ ಮನೆಯಲ್ಲೂ ಅದೇ ಧಾಟಿ ಹತ್ತಿತ್ತು. ರೊಟ್ಟಿ ಹಂಚಿಗೆ ಬೀಳುವ ಮೊದಲೇ ತಾಟಿನ ಮುಂದೆ ಕೂತಿರುತ್ತಿದ್ದ. ಇಂಥವನಿಗೆ ಮಗಳಾಗಿ ಹುಟ್ಟಿದವಳು ನಾನು. ನಾನು ಜಡೆ ಹಾಕಿಕೊಳ್ಳುವುದರೊಳಗೆ ಎರಡು ಬಸ್ಸು ಹೋಗಿರುತ್ತಿದ್ದವು. ಅವ್ವ ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಆರಿಸಲು ಕೊಟ್ಟರೆ ಅದು ರಾತ್ರಿ ಊಟಕ್ಕೆ ಆಗುತ್ತಿತ್ತು. ಆದರೆ ಒಂದೇ ಒಂದು ಹರಳು ಯಾರ ಹಲ್ಲಿಗೂ ಸಿಕ್ಕಿದ್ದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಮುಂದೇನು ಓದಬೇಕು ಎಂದು ಅಪ್ಪ ನನ್ನನ್ನು ಕೇಳಲಿಲ್ಲ, ಬಸ್ಸಿನವರನ್ನು ಕೇಳಿದ. ಟಿಕೆಟ್ ಹರಿಯುತ್ತಾ ಒಬ್ಬೊಬ್ಬರ ಅಭಿಪ್ರಾಯ ತಗೊಂಡ. ಮೆಣಸಿನಕಾಯಿ ಚೀಲದ ಮೇಲೆ ಕೂತವರು ಕಾಮರ್ಸ್ ಅಂದರು. ಕೋರ್ಟಿಗೆ ಹೊರಟವರು ವಕೀಲಿ ಅಂದರು. ಕಡೆಗೆ ಮೋಟೆಬೆನ್ನೂರಿನಲ್ಲಿ ಇಳಿಯುತ್ತಿದ್ದ ಯಾರೋ ಒಬ್ಬರು, ಬಾಗಿಲಲ್ಲಿ ಒಂದು ಕಾಲು ಕೆಳಗಿಟ್ಟು, "ಸೈನ್ಸ್ ಕೊಡಸ್ರಿ, ಮುಂದ ಯಾವ ಕಡೆ ಬೇಕಾದ್ರೂ ಹೋಗಬಹುದು" ಅಂದರಂತೆ. ಕಂಡಕ್ಟರಿಗೆ ಆ ಮಾತು ಹಿಡಿಸಿತು. ನಾನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರಿದೆ.

ಫಿಸಿಕ್ಸ್ ನನ್ನ ಜೀವ ತಿಂದಿತು. ಲೋಲಕದ ಪ್ರಯೋಗದಲ್ಲಿ ಗುಂಡು ಇಪ್ಪತ್ತು ಸಲ ತೂಗಾಡಿ ಮುಗಿದ ಮೇಲೂ, ಮುಗಿಯಿತೋ ಇಲ್ಲವೋ ಎಂದು ವಿಚಾರ ಮಾಡಿ ನಾನು ಗಡಿಯಾರ ನಿಲ್ಲಿಸುತ್ತಿದ್ದೆ. ನನ್ನ ಲೆಕ್ಕದಲ್ಲಿ ಭೂಮಿಯ ಗುರುತ್ವಾಕರ್ಷಣೆ ಅರ್ಧಕ್ಕರ್ಧ ಕಡಿಮೆ ಬಂತು. ಸರ್ ನನ್ನ ಪುಸ್ತಕವನ್ನು ಇಡೀ ಕ್ಲಾಸಿಗೆ ತೋರಿಸಿ ಕೇಳಿದರು: "ಯಾಕವಾ, ನಿಮ್ಮ ಬ್ಯಾಡಗಿಯೊಳಗ ಮಂದಿ ನೆಲದ ಮ್ಯಾಲೆ ನಡೀತಾರೋ, ಗಾಳಿಯಾಗ ತೇಲತಾರೋ?"

ಕ್ಲಾಸು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಆಮೇಲೆ ಪುಸ್ತಕ ತೆರೆಯುವ ಮನಸ್ಸೇ ಹೋಯಿತು. ಹೇಗೋ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ.

ಪರೀಕ್ಷೆ ಮುಗಿದ ರಜೆಯಲ್ಲಿ ರಾಣೆಬೆನ್ನೂರಿನ ಸೋದರತ್ತೆ, ಅಪ್ಪನ ಅಕ್ಕ, ನನ್ನನ್ನು ಕರೆಸಿಕೊಂಡಳು. ಅವಳು ಬೀಜದ ಕಂಪನಿಗಾಗಿ ಟೊಮೆಟೊ ಬೆಳೆಯುತ್ತಿದ್ದಳು. ಅಲ್ಲಿ ಹೂವಿಗೆ ಹೂವು ಕೂಡಿಸುವ ಕೆಲಸ. ಹೆಂಗಸರು ಅದಕ್ಕೆ 'ಕ್ರಾಸಿಂಗ್' ಅನ್ನುತ್ತಿದ್ದರು. ಸಂಜೆ, ಇನ್ನೂ ಅರಳದ ಮೊಗ್ಗನ್ನು ಚಿಮಟಿಯಿಂದ ಬಿಡಿಸಿ ಗಂಡುಭಾಗ ಕೀಳಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗದ ಪುಡಿಯನ್ನು ಉಳಿದ ಹೆಣ್ಣುಭಾಗದ ತುದಿಗೆ ಮುಟ್ಟಿಸಬೇಕು. ಅವಸರ ಮಾಡಿದರೆ ನಡುವಿನ ಎಳೆಯ ಕಡ್ಡಿ ಮುರಿದು ಹೂವು ಕೆಡುತ್ತದೆ.

ಉಳಿದವರು ಒಂದು ಸಾಲು ಮುಗಿಸಿ ಚಹಾ ಕುಡಿದು ಬಂದರೂ ನಾನು ಮೂರನೇ ಗಿಡದ ಹತ್ತಿರವೇ ಇರುತ್ತಿದ್ದೆ. "ಇಕಿನ ಕಟಗೊಂಡ್ರ ದೀಪಾವಳಿಗೆ ಕಾಯಿ ನೋಡತೇವಿ" ಎಂದು ಅವರು ನಗುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಕಂಪನಿಯ ಸೂಪರ್‌ವೈಸರ್ ಬಂದು ನೋಡಿದಾಗ ನಾನು ಮುಟ್ಟಿದ ಗಿಡಗಳಲ್ಲಿ ಹೆಚ್ಚುಕಡಿಮೆ ಎಲ್ಲ ಹೂವೂ ಕಾಯಿ ಕಟ್ಟಿದ್ದವು.

"ಇದು ಯಾರ ಕೈರಿ?" ಅಂದರು.

"ನಮ್ಮ ತಮ್ಮನ ಮಗಳದು. ಮೈಗಳ್ಳಿ ಅಲ್ಲ, ನಿಧಾನ ಅಷ್ಟ" ಅಂದಳು ಅತ್ತೆ. ಈ ಎರಡಕ್ಕೂ ವ್ಯತ್ಯಾಸ ಇದೆ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಊರಿಗೆ ಬಂದು ಬಾಟನಿ ಓದುತ್ತೇನೆ ಅಂದೆ. ಅಪ್ಪ ಬಿ.ಎಸ್ಸಿ.ಗೆ ಒಪ್ಪಿದ, ಆದರೆ ಫಿಸಿಕ್ಸ್ ಗಣಿತವೇ ಆಗಬೇಕೆಂದ. "ಗಿಡಾ ನೋಡಾಕ ಡಿಗ್ರಿ ಯಾಕ ಬೇಕ? ನಮ್ಮ ಎಮ್ಮಿ ದಿನಾ ನೋಡತೈತಿ."

ಹಾವೇರಿ ಕಾಲೇಜಿಗೆ ಅರ್ಜಿ ಕೊಡುವ ಕಡೆಯ ದಿನ ಅಪ್ಪನ ಬಸ್ಸಿನಲ್ಲೇ ಹೋದೆ. "ನಂದು ಇಲ್ಲಿ ಅರ್ಧಾ ತಾಸು ಹಾಲ್ಟ್ ಐತಿ. ಫಾರ್ಮ್ ಕೊಟ್ಟು ಲಗೂ ಬಾ" ಅಂದ. ನಾನು ಸಾಲಿನಲ್ಲಿ ನಿಂತು ಫಾರ್ಮ್ ತಗೊಂಡು, ಅದರ ಹಿಂದೆ ಮುಂದೆ ಇದ್ದ ಸೂಚನೆಗಳನ್ನೆಲ್ಲ ಓದಿದೆ. ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಎಂದು ದುಂಡಗೆ ಬರೆದೆ. ಗುಮಾಸ್ತರ ಮೇಜಿನ ಮುಂದೆ ಮಸಿ ಆರಲಿ ಎಂದು ಊದುತ್ತಾ ನಿಂತಿದ್ದಾಗ, ಖಾಕಿ ಅಂಗಿಯ ಅಪ್ಪ ಚರ್ಮದ ಚೀಲ ತೊಡೆಗೆ ಬಡಿಸಿಕೊಳ್ಳುತ್ತಾ ಓಡಿ ಬಂದ. ಬಸ್ಸು ಬಿಡುವ ಹೊತ್ತು ಮೀರಿತ್ತು. ಡ್ರೈವರ್ ಬಸ್ಸನ್ನೇ ಕಾಲೇಜಿನ ಗೇಟಿಗೆ ತಂದು ಹಾರ್ನ್ ಒತ್ತುತ್ತಿದ್ದ.

ಅಪ್ಪ ಫಾರ್ಮ್ ನೋಡಿದ. "ಇದೇನ ಬರದೀ?"

"ಬಾಟನಿ."

"ಹೊಡದು ಹಾಕಿ ಬ್ಯಾರೆ ಬರಿ!"

ಗುಮಾಸ್ತರು ತಲೆ ಎತ್ತಿದರು. "ಹೊಡದು ಬರದ್ರ ನಡಿಯಂಗಿಲ್ರಿ. ಹೊಸಾ ಫಾರ್ಮಿಗೆ ಆ ಪಾಳಿಯೊಳಗ ಮತ್ತ ನಿಂದರಬೇಕು." ಪಾಳಿ ಬಾಗಿಲಾಚೆ ಬೇವಿನ ಗಿಡದ ತನಕ ಇತ್ತು. ನಾನು ಆ ಪಾಳಿಯಲ್ಲಿ ನಿಂತು ಮತ್ತೊಂದು ಫಾರ್ಮ್ ತುಂಬುವುದನ್ನು ಅಪ್ಪ ಮನಸ್ಸಿನಲ್ಲೇ ಕಂಡಿರಬೇಕು. ಹೊರಗೆ ಹಾರ್ನು, ಜತೆಗೆ ಬಸ್ಸಿನವರ ಬೈಗುಳ.

"ಇರಲಿ ಬಿಡ್ರಿ, ಶಿಕ್ಕಾ ಹೊಡೀರಿ, ಲಗೂ!" ಅಂದ ಅಪ್ಪ. ಗುಮಾಸ್ತರು ಫಾರ್ಮಿನ ಮೇಲೆ ಮೊಹರು ಒತ್ತಿದರು.

ಬಸ್ಸು ಹತ್ತಿದಾಗ ಮುಂದಿನ ಸೀಟಿನ ಅಜ್ಜಿ ಕೇಳಿದಳು, "ಏನಾತಪಾ, ಎಲ್ಲಿಗೆ ಹಾಕಿದಿ ಮಗಳನ್ನ?"

"ಬಾಟನಿಗೆ ಬೇ."

"ಅಷ್ಟು ದೂರ ಹೆಣ್ಣ ಹುಡುಗಿನ ಒಬ್ಬಾಕಿನ ಕಳಸ್ತೀಯೇನು?" ಅಂದಳು. ಅಪ್ಪನಿಗೂ ನಗು ತಡೆಯಲಾಗಲಿಲ್ಲ.

ಇಷ್ಟಕ್ಕೆ ಎಲ್ಲ ಸುಸೂತ್ರವಾಗಲಿಲ್ಲ. ಮೊದಲ ವರ್ಷ ಯಾವ ಪೇಪರನ್ನೂ ಹೊತ್ತಿಗೆ ಮುಗಿಸಲಾಗದೆ, ಬಿಟ್ಟುಬಿಡುತ್ತೇನೆ ಎಂದು ಬಾಟನಿ ಮೇಡಂ ಮುಂದೆ ಕಣ್ಣೀರು ಹಾಕಿದೆ. ಅವರು ನನ್ನ ಉತ್ತರ ಪತ್ರಿಕೆ ತಿರುವಿ ಹಾಕಿ ಅಂದರು: "ಎರಡು ಅಂಕದ ಪ್ರಶ್ನೆಗೆ ಮೂರು ಪುಟ ಬರದೀಯಲ್ಲ! ಲಗೂ ಬರಿಯೋದು ನಿನ್ನಿಂದ ಆಗಂಗಿಲ್ಲ. ಏನು ಬಿಡಬೇಕು ಅನ್ನೋದು ಕಲಿ." ಕಲಿಯಲು ಎರಡು ವರ್ಷ ಹಿಡಿಯಿತು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ದಂಟನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕಿತ್ತು. ಧಾರವಾಡದಿಂದ ಬಂದ ಪರೀಕ್ಷಕರು ನನ್ನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಎಷ್ಟೊತ್ತು ತಗೊಂಡಿ?"

"ಮುಕ್ಕಾಲು ತಾಸು, ಸರ್" ಅಂದೆ, ಹೆದರಿಕೊಂಡೇ.

ಅವರು ಮೇಡಂ ಅವರನ್ನು ಕರೆದು, "ಬಂದು ನೋಡ್ರಿ, ಒಂದ ಒಂದು ಕೋಶ ಹರಿದಿಲ್ಲ" ಅಂದರು. ಮೇಡಂ ಬಗ್ಗಿ ನೋಡಿ, ನನ್ನ ಬೆನ್ನ ಮೇಲೆ ಕೈಯಿಟ್ಟರು. ನಾನು ಬ್ಲೇಡು ಒರೆಸಿ ಕಾಗದದಲ್ಲಿ ಸುತ್ತಿಟ್ಟು, ಮುಂದಿನ ಪ್ರಶ್ನೆಗೆ ಹೋದೆ.