ನಕ್ಷೆಯಲ್ಲೊಂದು ಮೋಟರು

ಹೊನ್ನಾಳಿ ಕಡೆಯ ಒಂದೂರಿಗೆ, ನಮ್ಮ ಇಲಾಖೆಯ ಸಾಹೇಬರ ಜೊತೆ, ರೈತರಿಗೆ ಪರಿಕಲ್ಪನಾ ನಕ್ಷೆ ಕಲಿಸಲು ಹೋಗಿದ್ದೆ. ಬೋರ್ಡಿನ ನಡುವೆ ‘ಕಾಲುವೆ ಕೊನೆಗೆ ನೀರು ಬರುತ್ತಿಲ್ಲ’ ಎಂದು ಬರೆದು, ಕಾರಣಗಳಿಗೆ ಬಾಣ ಹಾಕಿ ಅಂದೆ.

ಕೊನೆ ಹೊಲದ ಹೆಂಗಸೊಬ್ಬರು ಎದ್ದು ಬಂದು ಬೋರ್ಡಿನ ಮೇಲೆ ಕಾಲುವೆಯ ಗೆರೆ ಎಳೆದು, ಅದರ ದಂಡೆಯ ಮೇಲೊಂದು ಮೋಟರು ಬಿಡಿಸಿದರು. “ಇದು ಹಗಲೂ ರಾತ್ರಿ ನೀರು ಎಳೀತೈತೆ ರೀ, ನಮಗೆ ಹೆಂಗೆ ಬರ್ತೈತೆ?” ಹೆಸರು ಬರೆಯಲಿಲ್ಲ. ಬರೆಯುವುದೂ ಬೇಕಿರಲಿಲ್ಲ, ಎಲ್ಲರೂ ತಿರುಗಿ ನೋಡಿದ್ದು ತರಬೇತಿಗೆ ನಮಗೆ ಭವನ ಕೊಟ್ಟು, ಊಟಕ್ಕೂ ಹೇಳಿದ್ದ ಯಜಮಾನರನ್ನು.

ಅವರು ನಗುತ್ತಲೇ ಬಂದು ಮೋಟರು ಒರೆಸಿ, ಅಲ್ಲೊಂದು ಮೋಡ ಬರೆದರು. “ಮಳೆ ಕಮ್ಮಿ ಆಗೈತೆ, ಅಷ್ಟೆ. ಹೌದಲ್ರೀ?” ಮೊದಲು ಚಪ್ಪಾಳೆ ತಟ್ಟಿದ್ದು ನಮ್ಮ ಸಾಹೇಬರು. ಆ ಹೆಂಗಸು ಕೈಗಂಟಿದ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದರು.

ಈಗ ಪ್ರತಿ ತರಬೇತಿಯಲ್ಲೂ ಆ ನಕ್ಷೆಯನ್ನೇ ಮಾದರಿ ಎಂದು ತೋರಿಸುತ್ತೇವೆ. ಬಾಣಗಳೆಲ್ಲ ಮೋಡದ ಕಡೆಗಿವೆ. ಮೋಡವಾದರೆ ಎದ್ದು ಬಂದು ಅಳಿಸುವುದಿಲ್ಲ ನೋಡಿ.