ಅಕ್ಕ ತುಂಬಿದ ಫಾರಂ

ಇಪ್ಪತ್ತೆರಡು ವರ್ಷ ಬ್ಯೂಟಿ ಪಾರ್ಲರ್ ನಡೆಸಿದ್ದರಿಂದ ಜನರ ತಲೆಯ ಮೇಲಿರುವುದಷ್ಟೇ ಅಲ್ಲ, ಒಳಗಿರುವುದೂ ತನಗೆ ಗೊತ್ತು ಎಂದು ಅವಳು ನಂಬಿದ್ದಳು. ಬೀದಿಯವರೆಲ್ಲ ಅವಳನ್ನು ಪಾರ್ಲರ್ ಅಕ್ಕ ಎನ್ನುತ್ತಿದ್ದರು. ಕುರ್ಚಿಯಲ್ಲಿ ಕೂತವರನ್ನು "ಹೇಗೆ ಕತ್ತರಿಸಲಿ?" ಎಂದು ಅವಳು ಕೇಳಿದ್ದನ್ನು ಯಾರೂ ಕಂಡಿಲ್ಲ. ಮುಖ ನೋಡಿ ತಾನೇ ತೀರ್ಮಾನಿಸುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅದು ಒಪ್ಪುತ್ತಿತ್ತು. ಹತ್ತನೆಯವರು ಎರಡು ವಾರ ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿ, ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಪಾಪ, ಬೇರೆಲ್ಲಿಗೆ ಹೋಗುತ್ತಾರೆ!

ಐವತ್ತು ದಾಟಿದ ಮೇಲೆ ಪಾರ್ಲರ್ ಮುಚ್ಚಿ, ಅದೇ ಜಾಗದಲ್ಲಿ ಒಂದು ವೆಲ್‌ನೆಸ್ ಕಂಪನಿಯ ಫ್ರಾಂಚೈಸಿ ತೆರೆದಳು. ಸುಸ್ತಿಗೆ ವಿಟಮಿನ್ ಡ್ರಿಪ್, ಚರ್ಮಕ್ಕೆ ಲೇಸರ್. ಕಂಪನಿಯ ಕರಾರು ಸರಳವಾಗಿತ್ತು: ಗೋಡೆ, ಕುರ್ಚಿ, ಬೋರ್ಡು, ಬುಕಿಂಗ್ ಮಾಲೀಕಳದ್ದು; ಸೂಜಿ, ಔಷಧ, ಯಾರಿಗೆ ಕೊಡಬೇಕು ಯಾರಿಗೆ ಕೊಡಬಾರದು ಎಂಬ ಮಾತು ಲೈಸೆನ್ಸ್ ಇರುವ ಡಾಕ್ಟರದ್ದು. ಅಲ್ಲಿ ಮಾಲೀಕಳು ಮೂಗು ತೂರಿಸುವಂತಿಲ್ಲ. ಪಾರ್ಲರ್ ಅಕ್ಕ ಈ ಸಾಲನ್ನು ಓದಿಯೇ ಸಹಿ ಹಾಕಿದಳು, ಆದರೆ ನಂಬಲಿಲ್ಲ.

ಮೊದಲು ಸಿಕ್ಕ ಡಾಕ್ಟರ್ ಬಲು ಉದಾರಿ. "ನನ್ನ ಹೆಸರು ಹಾಕ್ಕೊಳ್ಳಿ, ತಿಂಗಳಿಗೊಂದ್ಸಲ ಬಂದು ಸಹಿ ಹಾಕ್ತೀನಿ. ಮಿಕ್ಕಿದ್ದು ನಿಮ್ಮಿಷ್ಟ," ಎಂದಿದ್ದ. ಅವಳಿಗೆ ಅವನೇ ಹಿಡಿಸಿದ್ದ. ಆದರೆ ಮೊದಲ ಆರು ತಿಂಗಳಾದರೂ ಡಾಕ್ಟರ್ ದಿನಾ ಇರಬೇಕೆಂದು ಕಂಪನಿಯವರು ಪಟ್ಟು ಹಿಡಿದರು. ಹಾಗಾಗಿ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರಮ್ಮ ಬಂದರು. ನಗು ಕಡಿಮೆ, ಮಾತು ಅದಕ್ಕಿಂತ ಕಡಿಮೆ.

ಡ್ರಿಪ್ ಹಾಕುವ ಮುಂಚೆ ಗಿರಾಕಿ ಒಂದು ಫಾರಂ ತುಂಬಬೇಕು. ಹಳೆಯ ಕಾಯಿಲೆ, ನುಂಗುವ ಮಾತ್ರೆ, ಹೀಗೆ ಎರಡು ಪುಟ. ಬಂದವರೆಲ್ಲ ಪಾರ್ಲರಿನ ಹಳೇ ಮುಖಗಳು. ಅವರಿಗೇಕೆ ತೊಂದರೆ ಎಂದು ಪಾರ್ಲರ್ ಅಕ್ಕ ತಾನೇ ತುಂಬಿಬಿಡುತ್ತಿದ್ದಳು. ಕಾಯಿಲೆ: ಇಲ್ಲ. ಮಾತ್ರೆ: ಇಲ್ಲ. ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಫಾರಂ ಸಿದ್ಧ. ಡಾಕ್ಟರಮ್ಮ ಅದನ್ನು ಮೇಜಿನ ಅಂಚಿಗೆ ತಳ್ಳಿ, ಬಾಗಿಲು ಮುಚ್ಚಿ, ಎಲ್ಲವನ್ನೂ ಮೊದಲಿನಿಂದ ಕೇಳುತ್ತಿದ್ದರು.

"ಎಲ್ಲಾ ಬರ್ದಿದೀನಲ್ಲ ಡಾಕ್ಟರೇ, ಮತ್ತೆ ಯಾಕೆ ಕೇಳ್ತೀರಾ?"

"ಅಕ್ಷರ ನಿಮ್ದು. ಮೈ ಅವರದು."

ಪಾರ್ಲರ್ ಅಕ್ಕನಿಗೆ ಮೈ ಉರಿಯಿತು. ಆರು ತಿಂಗಳು ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡಳು.

ಐದನೆಯ ತಿಂಗಳು ತಂಗಿಯನ್ನು ಎಳೆದುಕೊಂಡು ಬಂದಳು. ತಾಯಿ ಹೋದಾಗ ತಂಗಿಗೆ ಆರು ವರ್ಷ. ಅಂದಿನಿಂದ ಅಕ್ಕನೇ ತಾಯಿ. ಅವಳ ಶಾಲೆ, ಬಟ್ಟೆ, ಗಂಡ, ಎಲ್ಲ ಅಕ್ಕನ ಆಯ್ಕೆ. ಒಂದು ವರ್ಷದಿಂದ ತಂಗಿಯ ಮುಖ ಬಿಳಿಚಿಕೊಂಡಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಅವಳ ಮುಖದಲ್ಲಿ ಮತ್ತೆ ಕಳೆ ಬಂದರೆ ಸಾಕು, ಅಕ್ಕನಿಗೆ ಬೇರೇನೂ ಬೇಕಿರಲಿಲ್ಲ. ಫಾರಂ ತುಂಬಿದಳು. ಕಾಯಿಲೆ: ಇಲ್ಲ. ಮಾತ್ರೆ: ಇಲ್ಲ.

ತಂಗಿಯನ್ನು ಒಳಗೆ ಕರೆದು ಮುಚ್ಚಿದ ಬಾಗಿಲು ತೆರೆಯಲು ಅರ್ಧ ಗಂಟೆ ಹಿಡಿಯಿತು. "ಇವರಿಗೆ ಡ್ರಿಪ್ ಬೇಡ," ಎಂದರು ಡಾಕ್ಟರಮ್ಮ.

"ಯಾಕೆ?"

"ಅದನ್ನ ಅವರೇ ಹೇಳ್ಬೇಕು."

"ಅವಳು ನನ್ನ ತಂಗಿ ಕಣ್ರೀ!"

"ಗೊತ್ತು. ಈಗ ನನ್ನ ಪೇಷಂಟು ಕೂಡ."

ತಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಪಾರ್ಲರ್ ಅಕ್ಕ ನಿಂತ ಕಾಲಲ್ಲೇ ಆ ಉದಾರಿ ಡಾಕ್ಟರಿಗೆ ಫೋನ್ ಮಾಡಿದಳು. "ಸೋಮವಾರ ಬರ್ತೀನಿ. ಒಂದಲ್ಲ, ಎರಡು ಬಾಟ್ಲಿ ಹಾಕಿಸೋಣ," ಎಂದ ಆತ. ಆ ಸುದ್ದಿ ಹೊತ್ತುಕೊಂಡು ತಂಗಿಯ ಮನೆಗೆ ಓಡಿದಳು. ತಂಗಿ ಇಸ್ತ್ರಿ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

"ಅದನ್ನ ಹಾಕಿಸ್ಕೊಂಡ್ರೆ ನಾನು ಆಸ್ಪತ್ರೆ ಸೇರ್ತೀನಿ ಅಕ್ಕ. ನನ್ನ ಕಿಡ್ನಿ ಕೆಟ್ಟಿದೆ. ಎರಡು ವರ್ಷದಿಂದ ಮಾತ್ರೆ ತಗೋತಿದೀನಿ. ಇನ್ನು ಸ್ವಲ್ಪ ದಿನಕ್ಕೆ ಬೇರೆ ಕಿಡ್ನಿ ಬೇಕಾಗತ್ತಂತೆ."

"ಎರಡು ವರ್ಷ! ನಂಗೆ ಹೇಳ್ಲಿಲ್ಲ, ಯಾರೋ ಆ ಡಾಕ್ಟರಿಗೆ ಹೇಳಿದ್ಯಾ?"

"ಅವರು ಕೇಳಿದ್ರು. ನೀನು ಬರ್ಕೊಂಡೆ."

ಅಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಮರುಕ್ಷಣವೇ, "ನಂದು ತಗೋ. ಮುಗೀತು. ನಾಳೇನೇ ಹೋಗೋಣ," ಎಂದಳು.

"ನೋಡಿದ್ಯಾ?" ತಂಗಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಇದಕ್ಕೇ ಹೇಳ್ಲಿಲ್ಲ. ಬೇಕಾ ಅಂತ ಒಂದು ಮಾತು ಕೇಳ್ಬಾರ್ದಾ?"

ಸೋಮವಾರ ಪಾರ್ಲರ್ ಅಕ್ಕ ಉದಾರಿ ಡಾಕ್ಟರಿಗೆ ಬರಬೇಡಿ ಎಂದಳು. ಆಮೇಲೆ ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ, ಗಿರಾಕಿಗಳು ಕೂರುವ ಜಾಗದಲ್ಲಿ ಕೂತಳು. "ನನ್ನ ಕಿಡ್ನಿ ಅವಳಿಗೆ ಕೊಡ್ಬೇಕು. ಏನು ಮಾಡ್ಬೇಕು ಹೇಳಿ." ಡಾಕ್ಟರಮ್ಮ ಬಾಗಿಲು ಮುಚ್ಚಿ, ಒಂದು ಹೊಸ ಫಾರಂ ಮುಂದಿಟ್ಟರು.

ವಯಸ್ಸು ಬರೆದಳು. ತೂಕ ಬರೆದಳು. ಮಾತ್ರೆ ಎಂಬಲ್ಲಿ ಪೆನ್ನು ನಿಂತಿತು. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೌಡರ್ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದಳು. ತನ್ನ ಗಂಡನಿಗೂ ಗೊತ್ತಿಲ್ಲ, ತಂಗಿಗೂ ಗೊತ್ತಿಲ್ಲ. ಊರಿಗೆಲ್ಲ ಆರೋಗ್ಯ ಹಂಚಲು ಕೂತವಳಿಗೆ ಅದು ನಾಚಿಕೆಯ ಮಾತಾಗಿತ್ತು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು.

ಡಾಕ್ಟರಮ್ಮ ಓದಿದರು. "ಸಕ್ಕರೆ ಇರೋರ ಕಿಡ್ನಿ ತಗೊಳ್ಳೋದಿಲ್ಲ. ಆಸ್ಪತ್ರೇಲೂ ಇದನ್ನೇ ಹೇಳ್ತಾರೆ."

ಪಾರ್ಲರ್ ಅಕ್ಕ ಫಾರಂ ಕಡೆ ಕೈ ಚಾಚಿದಳು. "ಕೊಡಿ ಇಲ್ಲಿ. ಆ ಸಾಲು ಹೊಡೆದ್ಹಾಕಿ 'ಇಲ್ಲ' ಅಂತ ಬರೀತೀನಿ. ನಿಮ್ಮ ಕೈ ಮುಗೀತೀನಿ ಡಾಕ್ಟರೇ, 'ಇಲ್ಲ' ಅಂತ ಬರೀತೀನಿ."

ಡಾಕ್ಟರಮ್ಮ ಫಾರಂ ಕೊಡಲಿಲ್ಲ. ಅವಳು ಅಳತೊಡಗಿದಳು. ಹೊರಗೆ ಹನ್ನೊಂದು ಗಂಟೆಯ ಗಿರಾಕಿ ಬಂದು ಕೂತಿದ್ದರು. ಡಾಕ್ಟರಮ್ಮ ಅವರನ್ನು ಕರೆಯಲು ಏಳಲಿಲ್ಲ.